ಜಾತಕ ಬರೆಯುತ್ತಿದ್ದ ಪೆಟ್ಟಿಗೆ

ಹುನಗುಂದ
ಶನಿವಾರ, ೨೬ ಅಕ್ಟೋಬರ್ ೨೦೨೪

ಪ್ರೀತಿಯ ತಂಗಿ ರಾಜೀ,

ನಿನ್ನ ಮೊಣಕಾಲು ನೋವು ಈಗ ಹೇಗಿದೆ? ಅಂಗನವಾಡಿಯಲ್ಲಿ ದಿನವೆಲ್ಲ ಮಕ್ಕಳ ಸಂಗಡ ನೆಲಕ್ಕೆ ಕೂತು ಏಳುವುದು ನಿನಗೆ ಆಗುತ್ತಿಲ್ಲವೆಂದು ಶಿವಗಂಗಾ ಫೋನಿನಲ್ಲಿ ಹೇಳುತ್ತಿದ್ದಳು. ಒಂದು ಎತ್ತರದ ಮಣೆ ಇಟ್ಟುಕೋ, ನಾಚಿಕೊಳ್ಳಬೇಡ. ಟೀಚರು ಮಣೆಯ ಮೇಲೆ ಕೂತರೆ ಜತ್ತ ತಾಲೂಕೇನೂ ಮುಳುಗುವುದಿಲ್ಲ. ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಲು ಹೇಳಿರಿ ಎಂದು ನಿನ್ನ ವೈನಿ ದಾನಮ್ಮ ಒಳಗಿನಿಂದ ಕೂಗುತ್ತಿದ್ದಾಳೆ. ಅವಳಿಗೆ ಗೊತ್ತಿರುವುದು ಒಂದೇ ಔಷಧ. ನನ್ನ ಬಿ.ಪಿ.ಗೂ ಅದನ್ನೇ ಹೇಳುತ್ತಾಳೆ. ನಿನ್ನ ಮನೆಯವರು ಗುರಲಿಂಗಪ್ಪನವರ ಕೆಮ್ಮು ಕಡಿಮೆಯಾಯಿತೇ? ಹನ್ನೆರಡನೆಯ ಇಯತ್ತೆಯ ಪರೀಕ್ಷೆಗೆ ಶಿವಗಂಗಾ ಓದುತ್ತಿದ್ದಾಳೆಯೇ, ಇಲ್ಲ ಮೊಬೈಲ್ ಹಿಡಿದುಕೊಂಡು ಕೂತಿದ್ದಾಳೆಯೇ? ನಾವು ಇಲ್ಲಿ ಕ್ಷೇಮ. ನನ್ನ ಆನ್‌ಲೈನ್ ಸೆಂಟರ್ ನಡೆಯುತ್ತಿದೆ. ಪಹಣಿ, ಜಾತಿ ಪ್ರಮಾಣಪತ್ರ, ರೇಷನ್ ಕಾರ್ಡಿಗೆ ಹೆಬ್ಬೆಟ್ಟು, ಇವೇ. ಸರ್ವರ್ ಬಂದ ದಿನ ಊಟಕ್ಕೆ ಹೊತ್ತಿಲ್ಲ, ಹೋದ ದಿನ ಬೈಗುಳ ತಿಂದೇ ಹೊಟ್ಟೆ ತುಂಬುತ್ತದೆ.

ಫೋನ್ ಮಾಡದೆ ಈ ಕಾಲದಲ್ಲಿ ಪತ್ರ ಯಾಕೆ ಎಂದು ಕೇಳುತ್ತೀ. ಫೋನ್ ಮಾಡಿದರೆ ಎತ್ತುವವಳು ಶಿವಗಂಗಾ. ಅವಳು ಅದನ್ನು ನಿನ್ನ ಕಿವಿಗೆ ಹಿಡಿಯುತ್ತಾಳೆ, ನೀನು "ಆರಾಮ ಅದೇನಿ, ನೀವು ಆರಾಮ ಅದೀರಿಲ್ಲ?" ಎನ್ನುತ್ತೀ, ಅಷ್ಟಕ್ಕೆ ಮುಗಿಯಿತು. ಮೊದಲು ನೀನು ನನ್ನನ್ನು ನೀವು ಎನ್ನುತ್ತಿರಲಿಲ್ಲ. ಲಗ್ನವಾದ ಮೇಲೆ ತಂಗಿಯಂದಿರು ಮರ್ಯಾದೆ ಕಲಿಯುತ್ತಾರೆಂದು ದಾನಮ್ಮ ಸಮಾಧಾನ ಹೇಳುತ್ತಾಳೆ. ಅದು ಮರ್ಯಾದೆಯಲ್ಲ ಎಂಬುದು ನಿನಗೂ ಗೊತ್ತು, ನನಗೂ ಗೊತ್ತು. ಅವ್ವ ಇರುವತನಕ ಪಂಚಮಿಗೆ ನಾನು ಕರೆಯಲು ಬಂದರೆ ನೀನು ಬರುತ್ತಿದ್ದೆ, ಎರಡು ದಿನ ಇದ್ದು ಉಂಡಿ ಕಟ್ಟಿಸಿಕೊಂಡು ಹೋಗುತ್ತಿದ್ದೆ. ಆದರೆ ಮನೆಯ ಮುಂದೆಯೇ ಇರುವ ನನ್ನ ಅಂಗಡಿಯ ಮೆಟ್ಟಿಲನ್ನು ಒಂದು ದಿನವಾದರೂ ಹತ್ತಿದ್ದು ನಾನು ಕಾಣೆ. ಈಗ ಅವ್ವ ಹೋಗಿ ಎರಡು ವರ್ಷ. ಎರಡು ಪಂಚಮಿಯೂ ನೀನಿಲ್ಲದೆ ಹೋದವು.

ಇನ್ನು ವಿಷಯಕ್ಕೆ ಬರುತ್ತೇನೆ. ದಸರೆಗೆ ಮೊದಲು ಮನೆ ತೊಳೆಯುವಾಗ ದಾನಮ್ಮ ಅಟ್ಟದ ಮೇಲಿನ ಟ್ರಂಕು ಇಳಿಸಿದಳು. ಅದರಲ್ಲಿ ಅವ್ವ ಗುಳೇದಗುಡ್ಡದ ಖಣದ ತುಂಡುಗಳನ್ನು ಜೋಡಿಸಿ ಹೊಲಿದ ಚೀಲವಿತ್ತು. ಚೀಲದಲ್ಲಿ ನಮ್ಮ ಆ ಕಪ್ಪು ಲ್ಯಾಪ್‌ಟಾಪ್. ಒಂದು ಹಾಸುಗಲ್ಲಿನ ಭಾರ, ಕೀಲಿಗಳ ನಡುವೆ ಆ ಕೆಂಪು ಗುಂಡಿ. ನೀನು ಅದನ್ನು ಕುಂಕುಮದ ಬೊಟ್ಟು ಎನ್ನುತ್ತಿದ್ದೆ. ಗುಜರಿಯ ಹುಸೇನಸಾಬ ಹಳೆಯ ಪೇಪರಿನ ಸಂಗಡ ಅದನ್ನೂ ತಕ್ಕಡಿಗೆ ಹಾಕಿಬಿಟ್ಟಿದ್ದ. ನಾನು ಅಂಗಡಿಯಿಂದ ಓಡಿಹೋಗಿ ಕಸಿದುಕೊಂಡೆ. "ಸಾಹೇಬ್ರ, ಇದರಾಗ ಬಂಗಾರ ಐತೇನ್ರಿ?" ಎಂದು ಅವನು ನಕ್ಕ. ದಾನಮ್ಮನಿಗೂ ಆಶ್ಚರ್ಯ. ಇಪ್ಪತ್ತೆರಡು ವರ್ಷ ಕಣ್ಣೆತ್ತಿ ನೋಡದ ಗಂಡ ಈಗ ಮಗುವಿನಂತೆ ಎದೆಗವಚಿಕೊಂಡು ನಿಂತಿದ್ದಾನೆ.

ಅದು ನಮ್ಮ ಮನೆಗೆ ಬಂದ ದಿನ ನಿನಗೆ ನೆನಪಿದೆಯೇ? ಹುಬ್ಬಳ್ಳಿಯಲ್ಲಿ ಯಾರೋ ಅಧಿಕಾರಿ ಬಳಸಿ ಬಿಟ್ಟದ್ದನ್ನು ನಾನು ಕೊಂಡು ತಂದೆ. ಆವಾಗ ನಾವಿದ್ದ ಹಳೆಯ ಬಾಗಲಕೋಟೆಯ ಓಣಿಗೆ ಓಣಿಯೇ ನೋಡಲು ಬಂತು. ನಾನು ಅದರಲ್ಲಿ ಜಾತಕ ತೆಗೆಯುವ ಪ್ರೋಗ್ರಾಂ ಹಾಕಿಸಿದೆನೆಂದು ಕೇಳಿ ಎಲ್ಲರಿಗೂ ನಗು. "ಕುರಿ ಕಾಯೋರ ಮನ್ಯಾಗ ಪಂಚಾಂಗ ಹುಟ್ಟೇತಿ ನೋಡ್ರಿ" ಎಂದರು. ನಕ್ಕವರೇ ಮುಂದಿನ ತಿಂಗಳು ಮಕ್ಕಳ ಜಾತಕಕ್ಕೆ ಸಾಲು ಹಚ್ಚಿದರು. ಶನಿವಾರ ತುಳಸಿಗೇರಿ ಹನುಮಪ್ಪನ ಗುಡಿಯ ಹತ್ತಿರ, ಅಮಾವಾಸ್ಯೆಗೆ ಮಹಾಕೂಟ. ನಾನು ಲೂನಾ ಗಾಡಿ ಹೊಡೆಯುವುದು, ನೀನು ಹಿಂದೆ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಬೆನ್ನಿಗೆ ಪ್ರಿಂಟರ್ ಕಟ್ಟಿಕೊಂಡು ಕೂಡುವುದು. ತೆಂಗಿನಕಾಯಿ ಅಂಗಡಿಯ ಹನಮಂತಪ್ಪ ತನ್ನ ಬಲ್ಬು ಆರಿಸಿ ನಮಗೆ ಕರೆಂಟು ಕೊಡುತ್ತಿದ್ದ. ಪ್ರಿಂಟರ್ ಕಿರ್ರೆಂದು ಕೂಗತೊಡಗಿದರೆ ಗುಡಿಯ ಗಂಟೆ ಬಿಟ್ಟು ಜನ ನಮ್ಮ ಕಡೆ ಬರುತ್ತಿದ್ದರು.

ಖರೆ ಹೇಳಬೇಕೆಂದರೆ ಜಾತಕ ಬರೆಯುತ್ತಿದ್ದವಳು ನೀನೇ. ನಾನು ಬರೀ ರೊಕ್ಕದ ಗಲ್ಲೆಯ ಮೇಲಿನ ಗಣಪತಿ. ಹುಟ್ಟಿದ ವೇಳೆ ಕೇಳಿದರೆ ಮುದುಕಿಯರು "ದನ ಮನಿಗೆ ಬರೂ ಹೊತ್ತಿಗೆ" ಎನ್ನುತ್ತಿದ್ದರು. ನೀನು ನಗದೆ, ಯಾವ ತಿಂಗಳು, ಮಳೆಯಿತ್ತೋ ಬಿಸಿಲಿತ್ತೋ ಎಂದೆಲ್ಲ ಕೇಳಿ, ಆರು ಗಂಟೆ ಹತ್ತು ನಿಮಿಷ ಎಂದು ಒತ್ತುತ್ತಿದ್ದೆ. ಕೀಲಿಗಳನ್ನು ನೋಡದೆಯೇ ಕನ್ನಡ ಒತ್ತುತ್ತಿದ್ದೆ. ನನಗೆ ಇವತ್ತಿಗೂ ಎರಡು ಬೆರಳೇ ಗತಿ. ನವನಗರದ ಕಂಪ್ಯೂಟರ್ ಕ್ಲಾಸಿಗೆ ನಿನ್ನನ್ನು ಹಚ್ಚಿದಾಗ ಅಲ್ಲಿಯ ಸರ್ ನನ್ನನ್ನು ಕರೆದು, ಈ ಹುಡುಗಿಯನ್ನು ಬಿಡಿಸಬೇಡಿರಿ, ಮುಂದೆ ಇವಳೇ ಕಲಿಸುವವಳಾಗುತ್ತಾಳೆ ಎಂದಿದ್ದರು. ಆ ಮಾತು ನಾನು ನಿನಗೆ ಹೇಳಿರಲಿಲ್ಲ. ಹೆಚ್ಚು ಹೊಗಳಿದರೆ ತಲೆ ತಿರುಗುತ್ತದೆಂದು ಇಟ್ಟುಕೊಂಡೆ. ಈಗ ಹೇಳುತ್ತಿದ್ದೇನೆ, ಹೊತ್ತು ಮೀರಿದ ಮೇಲೆ.

ಕಸಿದುಕೊಂಡು ಬಂದದ್ದನ್ನು ನಾನೇ ಬಿಚ್ಚಲು ಹೋಗಲಿಲ್ಲ. ನನ್ನ ಕೈಯ ಬಗ್ಗೆ ನನಗೆ ಈಗ ಅಷ್ಟು ಭರವಸೆಯಿಲ್ಲ. ಇಳಕಲ್ಲಿನ ಮುರ್ತುಜಸಾಬರ ಹತ್ತಿರ ಒಯ್ದೆ. ಹಳೆಯ ರೇಡಿಯೋ ರಿಪೇರಿಯವರು, ಆಮೇಲೆ ಟಿ.ವಿ., ಆಮೇಲೆ ಕಂಪ್ಯೂಟರ್. ಈಗ ಎಪ್ಪತ್ತೈದು ದಾಟಿದೆ, ಅಂಗಡಿ ಮುಚ್ಚಿ ಮನೆಯಲ್ಲೇ ಒಂದು ಮೇಜು ಹಾಕಿಕೊಂಡಿದ್ದಾರೆ. ಪಕ್ಕದ ಕೋಣೆಯಲ್ಲಿ ಸೊಸೆ ಅಮೀನಬಿ ಸೀರೆ ನೇಯುತ್ತಾಳೆ. ಮಗ್ಗದ ಸದ್ದಿಗೆ ಮೇಜಿನ ಮೇಲಿನ ಸ್ಕ್ರೂಗಳೆಲ್ಲ ಕುಣಿಯುತ್ತಿರುತ್ತವೆ. ಆವಾಗ ಇದು ಕೆಟ್ಟಾಗ ನಾನು ಹೊತ್ತೊಯ್ದದ್ದೂ ಅವರ ಹತ್ತಿರವೇ. ನೋಡಿದ ಕೂಡಲೆ ಗುರುತು ಹಿಡಿದರು. "ಜಾತಕದ ಪೆಟಿಗಿ ಅಲ್ಲೇನೋ ಮಾಳಪ್ಪಾ? ಇನ್ನೂ ಸತ್ತಿಲ್ಲೇನು ಇದು?" ಎಂದರು. ನಾವಿಬ್ಬರೂ ಇನ್ನೂ ಸತ್ತಿಲ್ಲ ಎಂದೆ.

ನಾಲ್ಕು ರವಿವಾರ ಅವರ ಮುಂದೆ ಕೂತೆ. ದೀಪ ಹಿಡಿಯುವುದು, ಬಿಚ್ಚಿದ ಸ್ಕ್ರೂಗಳನ್ನು ಚಹಾದ ಬಸಿಯಲ್ಲಿ ಬೇರೆ ಬೇರೆ ಇಡುವುದು, ಇಷ್ಟೇ ನನ್ನ ಕೆಲಸ. ಒಂದು ಸ್ಕ್ರೂ ಅಕ್ಕಪಕ್ಕವಾದರೆ ನನ್ನನ್ನು ಸಾಲಿಯ ಹುಡುಗನಂತೆ ಬೈಯುತ್ತಿದ್ದರು. ಗಡಿಯಾರ ನಡೆಸುವ ಒಳಗಿನ ಸಣ್ಣ ಸೆಲ್ಲು ಒಡೆದು ಹಸಿರು ಕಟ್ಟಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸ್ಪಿರಿಟ್ ಹಚ್ಚಿ ಒಂದಿಡೀ ರವಿವಾರ ಅದನ್ನೇ ತಿಕ್ಕಿದೆವು. ಸುಟ್ಟುಹೋದ ಒಂದು ಬಿಡಿಭಾಗವನ್ನು ಅವರು ತಮ್ಮ ಸಾಮಾನಿನ ಡಬ್ಬಿಯಲ್ಲಿ ಹುಡುಕಿ, ಬೇರೆ ಬೋರ್ಡಿನಿಂದ ಕಿತ್ತು, ನಡುಗುವ ಕೈಯಲ್ಲೇ ಬೆಸುಗೆ ಹಾಕಿದರು. ಕಾದ ಕಬ್ಬಿಣ ಹಿಡಿದಾಗ ಮಾತ್ರ ಆ ನಡುಕ ನಿಲ್ಲುತ್ತದೆ, ನಾನು ನೋಡಿದೆ. ಬ್ಯಾಟರಿಯ ಕವಚ ಸೀಳಿ ಹೊಸ ಸೆಲ್ಲುಗಳನ್ನು ಕೂಡಿಸಿದರು. ಹಳೆಯ ಡಿಸ್ಕು ಗರಗರ ಎನ್ನುತ್ತಿತ್ತು, ಅದರಲ್ಲಿದ್ದುದನ್ನೆಲ್ಲ ಬೇರೆ ಕಡೆ ಇಳಿಸಿ, ಅದರ ಜಾಗದಲ್ಲಿ ಕ್ಯಾಮೆರಾಕ್ಕೆ ಹಾಕುವಂಥ ಒಂದು ಮೆಮೊರಿ ಕಾರ್ಡು ಕೂಡಿಸಿದೆವು. ಮೊದಲಿನದಕ್ಕಿಂತ ನಾಲ್ಕು ಪಟ್ಟು ಮೆಮೊರಿ ಹಾಕಿದೆವು. ನನಗೆ ಆಸೆ ಹೆಚ್ಚಾಗಿ, ಪರದೆಯನ್ನೂ ಹೊಸದು ಹಾಕೋಣ, ಇಂಟರ್ನೆಟ್ಟೂ ಬರುವಂತೆ ಮಾಡೋಣ ಎಂದೆ. "ಮುದುಕರಿಗೆ ಬಾಸಿಂಗ ಕಟ್ಟಬ್ಯಾಡ. ಉಸಿರಾಡೂವಷ್ಟು ಮಾಡಿ ಬಿಡೂಣು" ಎಂದರು.

ಮೂರನೆಯ ರವಿವಾರ ಅದರ ಪರದೆ ಹೊತ್ತಿಕೊಂಡಿತು. ಮೊದಲು ಕಪ್ಪು, ಆಮೇಲೆ ಬಿಳಿಯ ಅಕ್ಷರ, ಆಮೇಲೆ ನೀನು ಹಾಕಿದ್ದ ಆ ನೀಲಿ ಹಿನ್ನೆಲೆ. ಆ ಶುಕ್ರವಾರ ಸಂಜೆ ನೀನು ಮರುದಿನದ ತುಳಸಿಗೇರಿಗೆಂದು ಹೆಸರು ತುಂಬುತ್ತಿದ್ದೆಯಲ್ಲ, ಆ ಫೈಲು ಹಾಗೆಯೇ ಇದೆ. ಮೂವತ್ತೇಳು ಹೆಸರು ಪೂರ್ತಿ, ಮೂವತ್ತೆಂಟನೆಯದಕ್ಕೆ ಹುಟ್ಟಿದ ಊರಿದೆ, ವೇಳೆಯಿಲ್ಲ. ಒಂದೊಂದು ಹೆಸರು ಮುಗಿದ ಕೂಡಲೆ ಸೇವ್ ಮಾಡುತ್ತಾ ಹೋಗಿದ್ದೀ. ಅಷ್ಟು ಹುಷಾರಾಗಿದ್ದ ಹುಡುಗಿಗೆ ನಾನು ಏನಂದೆ, ಅದನ್ನು ಈಗ ಬರೆಯಲೇಬೇಕು.

ನಾನು ಹೊರಗಿನಿಂದ ಬಂದಾಗ ಪರದೆ ಆರಿತ್ತು, ನೀನು ಗುಂಡಿ ಒತ್ತುತ್ತಾ ಕೂತಿದ್ದೆ, ಪಕ್ಕದಲ್ಲಿ ಚಹಾದ ಕಪ್ಪು ಇತ್ತು. ನಾನು ಕಂಡದ್ದು ಆ ಚಹಾದ ಕಪ್ಪನ್ನು ಮಾತ್ರ. ಚಹಾ ಚೆಲ್ಲಿ ಕೆಡಿಸಿದೆ ಎಂದು ಓಣಿಗೆ ಕೇಳುವಂತೆ ಚೀರಿದೆ. ಕಪ್ಪು ತುಂಬಿಯೇ ಇತ್ತು ಎಂದು ನೀನು ತೋರಿಸಿದೆ, ನಾನು ನೋಡಲಿಲ್ಲ. "ಅಣ್ಣಾ, ಬಿಚ್ಚಿ ನೋಡು, ಆಮ್ಯಾಲ ಬೈ" ಎಂದೆ. ಆ ಮಾತು ನನಗೆ ಇನ್ನೂ ಸಿಟ್ಟು ತರಿಸಿತು. "ನಿನ್ನ ಕೈಗುಣಾನ ಛಲೋ ಇಲ್ಲ, ನೀ ಮುಟ್ಟಿದ್ದು ಉಳಿಯೂದಿಲ್ಲ" ಎಂದುಬಿಟ್ಟೆ. ಅಪ್ಪ ಬಂದ. ನಮ್ಮ ಮನೆಯ ರೀತಿ ನಿನಗೆ ಗೊತ್ತೇ ಇದೆ, ಮಾತಿಗೆ ಮಾತು ಬೆಳೆದರೆ ಮನೆದೇವರು ಬೀರಪ್ಪನ ಜಗಲಿಗೆ ಹೋಗುವುದು. ಭಂಡಾರ ಮುಟ್ಟಿ ಹೇಳು ಎಂದ ಅಪ್ಪ. ನೀನು ಜಗಲಿಯ ಮೇಲಿನ ಅರಿಶಿನ ಮುಟ್ಟಿ, ಹಣೆಗೆ ಹಚ್ಚಿಕೊಂಡು, "ಬೀರಪ್ಪನಾಣಿ, ನಾ ಏನೂ ಚೆಲ್ಲಿಲ್ಲ" ಎಂದೆ. ಅಳಲಿಲ್ಲ. ಅಪ್ಪ ಮುದಕಪ್ಪ ಊರಿಗೆ ಗಡುಸು ಮನುಷ್ಯ, ಆದರೆ ಭಂಡಾರ ಮುಟ್ಟಿದ ಮೇಲೆ ಅವನೂ ಸುಮ್ಮನಾದ. ಅಲ್ಲಿಗೇ ಮುಗಿಯಬೇಕಿತ್ತು.

ಮುಗಿಸಲಿಲ್ಲ ನಾನು. ಸೋಮವಾರ ಇಳಕಲ್ಲಿಗೆ ಒಯ್ದು ಬಂದು, ಚಹಾದಿಂದಲೇ ಕೆಟ್ಟಿದೆ, ಇನ್ನು ಆಗುವುದಿಲ್ಲ ಎಂದು ಹೇಳಿದೆ. ಆವಾಗ ಅದು ಬರೀ ಲ್ಯಾಪ್‌ಟಾಪಿನ ಮಾತಾಗಿ ಉಳಿಯಲಿಲ್ಲ. ಭಂಡಾರ ಮುಟ್ಟಿ ಸುಳ್ಳು ಹೇಳಿದ ಮಗಳು ಎಂದಾಯಿತು. ಅಪ್ಪ ಮರುದಿನವೇ ನಿನ್ನ ಕ್ಲಾಸು ಬಿಡಿಸಿದ. ಅವ್ವ ಒಂದು ನಾಣ್ಯವನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ, ಹುಡುಗಿ ತಿಳಿಯದೆ ಮಾಡಿದ್ದಾಳೆ, ಮನ್ನಿಸು ಎಂದು ಬೀರಪ್ಪನಿಗೆ ತಪ್ಪು ಕಾಣಿಕೆ ಕಟ್ಟಿದಳು. ನಿನ್ನ ಕಣ್ಣೆದುರಿಗೇ ಕಟ್ಟಿದಳು. ಬೇಸಿಗೆಯಲ್ಲಿ ಜತ್ತದ ಕಡೆಯ ಸಂಬಂಧ ಬಂದಾಗ ನೀನು ಹುಡುಗನ ಫೋಟೋ ಕೂಡ ಕೇಳಲಿಲ್ಲ, ಹೂಂ ಎಂದೆ. ಗುರಲಿಂಗಪ್ಪನವರು ಒಳ್ಳೆಯವರು ಸಿಕ್ಕರು, ಅದು ನಿನ್ನ ಪುಣ್ಯ, ನಮ್ಮ ಜಾಣತನವಲ್ಲ.

ಈಗ ನಾನು ಕಂಡದ್ದನ್ನು ಹೇಳುತ್ತೇನೆ. ಮುರ್ತುಜಸಾಬರು ಮೊದಲ ರವಿವಾರ ಕೀಲಿಮಣೆ ಎತ್ತಿದಾಗ ಕೆಳಗೆಲ್ಲ ಹಳದಿ. ಚಹಾದ ಕಲೆ ಹುಡುಕಿದರೂ ಇಲ್ಲ. ಗಾಳಿಯಾಡಿಸುವ ಸಣ್ಣ ಫ್ಯಾನಿನ ರೆಕ್ಕೆಗಳ ನಡುವೆ ಅರಿಶಿನ ಎಣ್ಣೆಗೂಡಿ ಗಟ್ಟಿಯಾಗಿ, ಬೆಲ್ಲದ ಅಚ್ಚಿನಂತೆ ಕೂತಿತ್ತು. ಫ್ಯಾನು ತಿರುಗದೆ ಒಳಗೆ ಕಾವು ಹೆಚ್ಚಿ, ಪಕ್ಕದ ಬಿಡಿಭಾಗ ಸುಟ್ಟಿದೆ. ಭಂಡಾರ, ರಾಜೀ. ಆ ವಾರದ ಮೊದಲಿಗೆ ಮಹಾನವಮಿಯಾಗಿತ್ತು. ಕುರಿ ಕತ್ತರಿ, ಕುಡಗೋಲು, ಡೊಳ್ಳು, ಎಲ್ಲದರ ಸಂಗಡ ಲ್ಯಾಪ್‌ಟಾಪನ್ನೂ ಪೂಜೆಗಿಟ್ಟಿದ್ದೆವು. ನೀನು ಅದರ ಮೇಲೆ ಟವೆಲ್ ಹೊದಿಸಿದ್ದೆ. "ದೇವರಿಗೇ ಪರದಾ ಹಾಕ್ತೀಯೇನು?" ಎಂದು ಟವೆಲ್ ಕಿತ್ತೆಸೆದವನು ನಾನು. ಮುಚ್ಚಳ ತೆರೆದಿಟ್ಟು, "ಬೀರಪ್ಪಗ ಚಾಂಗಭಲೋ" ಎಂದು ಮುಷ್ಟಿ ತುಂಬ ಎರಚಿದವನೂ ನಾನೇ. ಹೆಚ್ಚು ಎರಚಿದಷ್ಟು ಹೆಚ್ಚು ಗಿರಾಕಿ ಬರುತ್ತಾರೆಂದು ನನ್ನ ಲೆಕ್ಕ. ಮೇಲೆ ಎಣ್ಣೆದೀಪವನ್ನೂ ಹಿಡಿದು ಬೆಳಗಿದೆ. ದೇವರ ತಪ್ಪಲ್ಲ, ನಿನ್ನ ತಪ್ಪಂತೂ ಅಲ್ಲವೇ ಅಲ್ಲ. ನೀನು ಮುಟ್ಟಿ ಆಣೆ ಮಾಡಿದ್ದೂ ಅದೇ ಭಂಡಾರ, ಕೆಡಿಸಿದ್ದೂ ಅದೇ. ನೀನು ಹೇಳಿದ್ದು ಅಕ್ಷರಶಃ ಖರೆ.

ಆಗಿನ ಕಾಲದಲ್ಲಿ ಇವುಗಳ ಒಳಗಿನದು ಯಾರಿಗೂ ಅಷ್ಟು ತಿಳಿಯುತ್ತಿರಲಿಲ್ಲ. ನಾನು ಪೂಜೆಯ ಮಾತನ್ನು ಮರೆತೇಬಿಟ್ಟಿದ್ದೆ. ಈ ಸಂಗತಿ ಎರಡು ವರ್ಷ ಮೊದಲು ತಿಳಿದಿದ್ದರೂ ಸಾಕಿತ್ತು, ಅವ್ವನಿಗೆ ಹೇಳಬಹುದಾಗಿತ್ತು. ನೀನು ಲಗ್ನವಾಗಿ ಹೋದ ಮೇಲೂ ಅವಳು ಆ ಕಾಣಿಕೆ ಬಿಟ್ಟಿರಲಿಲ್ಲ. ಪ್ರತಿ ಮಹಾನವಮಿಗೆ ನಿನ್ನ ಹೆಸರಿನಲ್ಲಿ ಒಂದು ನಾಣ್ಯ, ಒಂದು ಗಂಟು. ನಿನ್ನ ಮೊದಲ ಬಸಿರು ನಿಲ್ಲದಾಗ ಎರಡು ಕಟ್ಟಿದ್ದಳು. ಅಪ್ಪನೂ ನಿನ್ನನ್ನು ಮೊದಲಿನಂತೆ ಮಾತಾಡಿಸದೆಯೇ ಹೋದ. ಇಬ್ಬರಿಗೂ ಹೇಳುವ ಭಾಗ್ಯ ನನಗೆ ಸಿಗಲಿಲ್ಲ.

ಹೋದ ತಿಂಗಳು ಶಿವಗಂಗಾ ಹೇಳಿದ್ದು ಕೇಳಿದ ಮೇಲೆ ನನಗೆ ಊಟ ಸರಿಯಾಗಿ ಸೇರಿಲ್ಲ. ಅಂಗನವಾಡಿಯ ಮಕ್ಕಳ ಹಾಜರಿ, ತೂಕ ಎಲ್ಲ ಈಗ ಮೊಬೈಲಿನಲ್ಲೇ ತುಂಬಬೇಕಂತೆ. "ಮಾಮಾ, ಅವ್ವ ಮೊಬೈಲ್ ಮುಟ್ಟೂದ ಇಲ್ಲ. ಬರದಿಟ್ಟುಕೊಂಡು ಬರ್ತಾಳ, ನಾ ತುಂಬಿ ಕಳಸ್ತೇನಿ. ಕೇಳಿದ್ರ, ನನ್ನ ಕೈಗುಣ ಛಲೋ ಇಲ್ಲ, ಮುಟ್ಟಿದ್ರ ಕೆಡತೈತಿ ಅಂತಾಳ" ಎಂದು ಹುಡುಗಿ ನಗುತ್ತಾ ಹೇಳಿದಳು. ತನ್ನ ತಾಯಿಯ ವಿಚಿತ್ರ ಸ್ವಭಾವವೆಂದು ಅವಳಿಗೆ ನಗು. ಮೇಲ್ವಿಚಾರಕಿಯ ಕೆಲಸಕ್ಕೆ ಕಂಪ್ಯೂಟರ್ ಪರೀಕ್ಷೆ ಕೊಡಬೇಕೆಂದಾಗ ನೀನು ಅರ್ಜಿಯನ್ನೇ ಹಾಕಲಿಲ್ಲವಂತೆ. ನಿನಗಿಂತ ಹಿಂದೆ ಬಂದವರು ನಿನ್ನ ದಫ್ತರ ತಪಾಸಣೆ ಮಾಡಿ ಹೋಗುತ್ತಾರಂತೆ. ಮುದುಕಿಯರ ಬಾಯಿಂದ ದನ ಬರುವ ಹೊತ್ತನ್ನು ಗಂಟೆ ನಿಮಿಷಕ್ಕೆ ತಂದ ಆ ಬೆರಳುಗಳು ಇಪ್ಪತ್ತೆರಡು ವರ್ಷ ಒಂದು ಕೀಲಿ ಮುಟ್ಟಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುತ್ತದೆಯೇ ಎಂದು ಹಿರಿಯರು ಕೇಳುತ್ತಾರೆ. ಕೊಯ್ದವನಿಗೆ ಅದರ ಅರ್ಥ ಇಷ್ಟು ತಡವಾಗಿ ಆಗುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಲ್ಯಾಪ್‌ಟಾಪ್ ನನ್ನ ಅಂಗಡಿಯ ಮೇಜಿನ ಮೇಲಿದೆ. ಚೀಲವನ್ನು ದಾನಮ್ಮ ಒಗೆದು ಮಡಚಿಟ್ಟಿದ್ದಾಳೆ. ನಿನಗೆ ಕಳಿಸೋಣವೆಂದು ಮೊದಲು ಅನಿಸಿತ್ತು. ಆಮೇಲೆ ಯೋಚಿಸಿದರೆ, ಕೆಡಿಸಿದವನು ರಿಪೇರಿ ಮಾಡಿಸಿ ತೊಡೆಯ ಮೇಲೆ ತಂದಿಟ್ಟು, ತಗೋ, ಇನ್ನು ಮುಟ್ಟು ಎಂದರೆ ಅದೂ ಒಂದು ಜಬರದಸ್ತಿಯೇ. ನಿನಗೆ ಮನಸ್ಸಾದರೆ ಹೇಳು, ಹೊತ್ತು ತರುತ್ತೇನೆ. ಬೇಡವೆಂದರೆ ಅದೂ ಸರಿ. ಈ ಸಲ ಮಹಾನವಮಿಗೆ ಅದನ್ನು ಪೂಜೆಗಿಟ್ಟಿಲ್ಲ. ದೂರದಿಂದ ಕೈ ಮುಗಿದೆ. ನನ್ನ ಸಮಾಧಾನಕ್ಕೆ ನೀನು ಏನೂ ಮಾಡಬೇಕಾಗಿಲ್ಲ. ಆದರೆ ಒಂದು ಮಾತು ನಂಬು, ನಿನ್ನ ಕೈಗುಣದಲ್ಲಿ ಯಾವ ದೋಷವೂ ಇರಲಿಲ್ಲ, ಇಲ್ಲ. ಆ ಮೊಬೈಲನ್ನು ಒಮ್ಮೆ ನೀನೇ ತೆಗೆದುಕೊಂಡು, ಯಾವುದಾದರೂ ಒಂದು ಮಗುವಿನ ಹೆಸರು ಬರೆ. ಕೆಟ್ಟರೆ ನನ್ನ ಹೆಸರು ಹೇಳು.

ದೀಪಾವಳಿ ಬಂತು. ದಾನಮ್ಮ ಎಣ್ಣಿ ಹೋಳಿಗೆ ಮಾಡಿ ಬಸ್ಸಿನವರ ಕೈಯಲ್ಲಿ ಕಳಿಸುತ್ತಾಳೆ, ಸ್ಟ್ಯಾಂಡಿಗೆ ಯಾರನ್ನಾದರೂ ಕಳಿಸು. ಗುರಲಿಂಗಪ್ಪನವರಿಗೆ ನನ್ನ ಶರಣು ತಿಳಿಸು, ಥಂಡಿಯಲ್ಲಿ ಹೊಲಕ್ಕೆ ಹೋಗಬೇಡಿರೆಂದು ಹೇಳು. ಶಿವಗಂಗಾಳ ತಲೆಯ ಮೇಲೆ ನನ್ನ ಪರವಾಗಿ ಕೈಯಿಡು. ನೀನು ಎಲ್ಲಿದ್ದರೂ ಬೀರಪ್ಪ ನಿನ್ನ ಬೆನ್ನಿಗಿರಲಿ, ತಂಗಿ. ಅವನಿಗೆ ನಿನ್ನ ಮೇಲೆ ಎಂದೂ ಸಿಟ್ಟಿರಲಿಲ್ಲ.

ನಿನ್ನ ಅಣ್ಣ,
ಮಾಳಿಂಗರಾಯ

ತಾ.ಕ.: ಪಾಕೀಟಿಗೆ ಅಂಟು ಹಚ್ಚಿದ್ದೆ, ಮತ್ತೆ ಹರಿದು ಬರೆಯುತ್ತಿದ್ದೇನೆ. ಟಪಾಲಿನ ಚೀಲ ಕಟ್ಟುವ ಹೊತ್ತಾಯಿತು, ಅಕ್ಷರ ಕೆಟ್ಟಿದ್ದರೆ ಸಾವರಿಸಿಕೊಂಡು ಓದು. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಭಂಡಾರದ ಸಂಗತಿ ನನಗೆ ತಿಳಿದದ್ದು ಈಗಲ್ಲ. ಆ ಸೋಮವಾರವೇ ಮುರ್ತುಜಸಾಬರು ನನ್ನ ಕಣ್ಣೆದುರಿಗೆ ಬಿಚ್ಚಿ, ಬೆರಳಿಗೆ ಹಳದಿ ಹಚ್ಚಿಕೊಂಡು ತೋರಿಸಿದ್ದರು. "ಚಹಾ ಅಲ್ಲೋ ಮಾಳಪ್ಪಾ, ಅರಿಶಿನ. ಹೋಗಿ ಹುಡುಗೀಗೆ ಮದಲ ಇದನ್ನ ಹೇಳು" ಎಂದಿದ್ದರು. ಬಸ್ಸಿನಲ್ಲಿ ಬರುವಾಗ ಹೇಳಬೇಕೆಂದೇ ಇದ್ದೆ. ಮನೆಯ ಕಟ್ಟೆಯ ಮೇಲೆ ಓಣಿಯವರು ನಾಲ್ಕು ಮಂದಿ ಕೂತಿದ್ದರು, ಅಪ್ಪ "ಏನಂದ್ರು?" ಎಂದ. ಅಷ್ಟು ಜನರ ಮುಂದೆ ಚೀರಾಡಿದ ಮೇಲೆ ಸೋಲಲು ನನಗೆ ಮನಸ್ಸಾಗಲಿಲ್ಲ. ಚಹಾ ಎಂದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಮರುದಿನ ನಿನ್ನ ಕ್ಲಾಸು ಬಿಡಿಸಿದರು, ಅವ್ವ ಗಂಟು ಕಟ್ಟಿದಳು, ಆಮೇಲೆ ಒಂದೊಂದು ದಿನಕ್ಕೂ ಹೇಳುವುದು ಕಷ್ಟವಾಗುತ್ತಾ ಹೋಯಿತು. ಪ್ರತಿ ವರ್ಷ ಅವಳು ಆ ಗಂಟು ಕಟ್ಟುವಾಗ ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ. ಈ ಸಲ ಮುರ್ತುಜಸಾಬರು ಕೆಲಸ ಮಾಡುತ್ತಾ, "ಆವಾಗ ತಂಗಿಗೆ ಹೇಳಿದಿಲ್ಲೋ?" ಎಂದು ಕೇಳಿದರು. "ಹೇಳೀನ್ರಿ" ಎಂದೆ. "ಛಲೋ ಮಾಡಿದಿ" ಎಂದರು.

ಅವ್ವ ಹಾಸಿಗೆ ಹಿಡಿದ ಕೊನೆಯ ವಾರ ಒಂದು ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡು ಕೇಳಿದ್ದಳು, "ಮಾಳ್ಯಾ, ರಾಜಿ ಖರೇನ ಹೇಳಿದ್ಳೇನೋ? ನಿನಗೇನರ ಗೊತ್ತೈತೇನಪಾ?" ನಾನು ಅವಳ ಕೌದಿ ಸರಿಮಾಡಿ, "ಮಲಕ್ಕೋ ಅವ್ವಾ" ಎಂದೆ.